ಕವಾಯಿ ದ್ವೀಪದ ಕಣಿವೆ ಮತ್ತು ಕಡಲ ದಾರಿಗಳಲ್ಲಿ ಚಾರಣ: ಮೈಸೂರು, ಮಂಡ್ಯದವರಿಗೊಂದು ಸಮಗ್ರ ಮಾರ್ಗದರ್ಶಿ

ಮೈಸೂರಿನ ಕುವೆಂಪುನಗರ, ಸರಸ್ವತಿಪುರಂ ಕಡೆ ಮಗನೋ ಮಗಳೋ ಅಮೆರಿಕದಲ್ಲಿರುವ ಮನೆಗಳು ಜಾಸ್ತಿ. ಮಂಡ್ಯದಲ್ಲೂ ಈಗ ಹಾಗೇ. ಅಪ್ಪ ಅಮ್ಮ ಅಲ್ಲಿಗೆ ಹೋದಾಗ ಹವಾಯಿಯ ಮಾತು ಬರುತ್ತದೆ. ಹವಾಯಿ ಅಂದರೆ ಬೀಚಿನಲ್ಲಿ ಬಿಸಿಲು ಕಾಯಿಸುವುದು ಅಷ್ಟೇ ಅಂತ ಬಹಳ ಜನ ತಿಳಿದಿದ್ದಾರೆ. ನಡೆಯುವ ಆಸೆ ಇರುವವರು ಅಲ್ಲಿನ ಕವಾಯಿ ದ್ವೀಪವನ್ನು ಆರಿಸಿಕೊಳ್ಳಬೇಕು. ವಿಸ್ತೀರ್ಣ ಸುಮಾರು 1,430 ಚದರ ಕಿ.ಮೀ., ಅಂದರೆ ಮಂಡ್ಯ ಜಿಲ್ಲೆಯ ಮೂರನೇ ಒಂದು ಭಾಗಕ್ಕೂ ಕಡಿಮೆ. ಅಷ್ಟರೊಳಗೆ ಸುಮಾರು 16 ಕಿ.ಮೀ. ಉದ್ದದ, ಒಂದು ಕಿ.ಮೀ.ನಷ್ಟು ಆಳದ ಕೆಂಪು ಕಣಿವೆ ಇದೆ. ಸಮುದ್ರದಿಂದ ನೇರವಾಗಿ ಎದ್ದು ನಿಂತ, ಕೆಲವು ಕಡೆ 1,200 ಮೀಟರ್ ಎತ್ತರದ ಹಸಿರು ಗೋಡೆಗಳಿವೆ. ಕಣಿವೆಯ ಹೆಸರು ವೈಮೆಯಾ, ಕಡಲ ಗೋಡೆಗಳ ಹೆಸರು ನಾ ಪಾಲಿ.

ಈ ಮಾರ್ಗದರ್ಶಿಯಲ್ಲಿ ಬಹಳ ಸಂಗತಿಗಳಿವೆ. ಆದರೆ ಎಲ್ಲಕ್ಕಿಂತ ಮೊದಲು ಒಂದು ವಿಷಯ ತಲೆಯಲ್ಲಿ ಇಟ್ಟುಕೊಳ್ಳಿ. ಚಾಮುಂಡಿ ಬೆಟ್ಟವಾಗಲಿ ಕುಂತಿಬೆಟ್ಟವಾಗಲಿ, ನಾವು ಮೊದಲು ಹತ್ತುತ್ತೇವೆ, ಸುಸ್ತಾದ ಮೇಲೆ ಇಳಿಯುತ್ತೇವೆ. ಸಾಕಾಯಿತು ಅನ್ನಿಸಿದರೆ ಅರ್ಧದಲ್ಲೇ ತಿರುಗಿ ಆರಾಮಾಗಿ ಇಳಿದು ಬರಬಹುದು. ಕಣಿವೆಯ ದಾರಿ ಇದಕ್ಕೆ ಉಲ್ಟಾ. ಕಾಲಲ್ಲಿ ಶಕ್ತಿ ಇದ್ದಾಗ ಇಳಿಯುತ್ತೀರಿ, ಶಕ್ತಿ ಮುಗಿದ ಮೇಲೆ, ಬಿಸಿಲು ನೆತ್ತಿಗೇರಿದ ಮೇಲೆ ಹತ್ತಬೇಕು. ತಯಾರಿ, ನೀರು, ಸಮಯ, ಮೂರನ್ನೂ ಈ ಲೆಕ್ಕದಲ್ಲೇ ಮಾಡಬೇಕು.

ಹಂತ 1: ದ್ವೀಪದ ಗಾಳಿ, ಮಳೆ, ರಸ್ತೆ ತಿಳಿದುಕೊಳ್ಳಿ

ಹವಾಯಿಯ ಮುಖ್ಯ ದ್ವೀಪಗಳಲ್ಲಿ ಕವಾಯಿ ಎಲ್ಲಕ್ಕಿಂತ ಹಳೆಯದು. ಸುಮಾರು 50 ಲಕ್ಷ ವರ್ಷಗಳ ಹಿಂದೆ ಜ್ವಾಲಾಮುಖಿಯಿಂದ ಎದ್ದ ನೆಲ. ಆಗಿನಿಂದ ಮಳೆ, ನದಿ, ಅಲೆ ಅದನ್ನು ಕೊರೆಯುತ್ತಲೇ ಇವೆ. ಕಬ್ಬಿಣದ ಅಂಶ ಇರುವ ಲಾವಾ ಕಲ್ಲು ಗಾಳಿ ನೀರಿಗೆ ಒಡ್ಡಿಕೊಂಡು ತುಕ್ಕು ಹಿಡಿದದ್ದರಿಂದ ವೈಮೆಯಾ ಕಣಿವೆಗೆ ಆ ಕೆಂಪು ಬಣ್ಣ ಬಂದಿದೆ.

ವರ್ಷದ ಬಹುಪಾಲು ಅಲ್ಲಿ ಈಶಾನ್ಯದಿಂದ ಗಾಳಿ ಬೀಸುತ್ತದೆ. ಸಮುದ್ರದ ತೇವ ಹೊತ್ತ ಗಾಳಿ ದ್ವೀಪದ ನಡುವಿನ ಬೆಟ್ಟಗಳಿಗೆ ತಾಗಿ ಮೇಲೇರುತ್ತದೆ, ತಣ್ಣಗಾಗಿ ಮಳೆ ಸುರಿಸುತ್ತದೆ. 1,569 ಮೀಟರ್ ಎತ್ತರದ ವೈಆಲೆಆಲೆ ಶಿಖರದಲ್ಲಿ ವರ್ಷಕ್ಕೆ 9,000 ಮಿ.ಮೀ.ಗಿಂತ ಜಾಸ್ತಿ ಮಳೆ. ಜಗತ್ತಿನ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲಿ ಅದೂ ಒಂದು. ಬೆಟ್ಟ ದಾಟುವಷ್ಟರಲ್ಲಿ ಗಾಳಿಯ ತೇವ ಮುಗಿದಿರುತ್ತದೆ. ಆಗುಂಬೆಯಲ್ಲಿ ಧೋ ಅಂತ ಸುರಿಯುವ ಮಳೆ ಮಂಡ್ಯಕ್ಕೆ ಬರುವಷ್ಟರಲ್ಲಿ ತೆಳುವಾಗುತ್ತದಲ್ವಾ, ಕಾರಣ ಅದೇ. ಇಲ್ಲಿ ಆ ವ್ಯತ್ಯಾಸಕ್ಕೆ ನೂರಾರು ಕಿಲೋಮೀಟರ್ ಬೇಕು. ಅಲ್ಲಿ 30 ಕಿ.ಮೀ. ಒಳಗೇ ಎಲ್ಲ ಬದಲಾಗುತ್ತದೆ.

ಇದರ ಉಪಯೋಗ ಏನೆಂದರೆ, ಉತ್ತರ ದಿಕ್ಕಿನ ನಾ ಪಾಲಿ ಕಡೆ ಮಳೆ, ಕೆಸರು, ಹಳ್ಳ. ಪಶ್ಚಿಮದ ವೈಮೆಯಾ ಕಣಿವೆಯ ಒಳಗೆ ಒಣ ಬಿಸಿಲು. ದಕ್ಷಿಣದ ಪೊಯಿಪು ಕಡೆ ಹೆಚ್ಚಾಗಿ ತಿಳಿ ಆಕಾಶ. ಬೆಳಿಗ್ಗೆ ಎದ್ದು ಉತ್ತರದಲ್ಲಿ ಮೋಡ ಕಟ್ಟಿದ್ದರೆ ಆ ದಿನ ದಕ್ಷಿಣಕ್ಕೆ ಹೋಗಿ. ದಿನದ ಯೋಜನೆ ಬದಲಾಯಿಸಲು ಜಾಗ ಇಟ್ಟುಕೊಂಡವರಿಗೆ ಕವಾಯಿ ಒಲಿಯುತ್ತದೆ.

ರಸ್ತೆ ದ್ವೀಪವನ್ನು ಪೂರ್ತಿ ಸುತ್ತುವುದಿಲ್ಲ. ಉತ್ತರದ ರಸ್ತೆ ಕೇಏ ಬೀಚಿನಲ್ಲಿ ಮುಗಿಯುತ್ತದೆ. ಪಶ್ಚಿಮದ ರಸ್ತೆ ಕಣಿವೆಯ ಅಂಚಿನಲ್ಲೇ ಹತ್ತಿ ಕೋಕೇ ಕಾಡಿನ ಆಚೆ ಮುಗಿಯುತ್ತದೆ. ನಡುವೆ ನಾ ಪಾಲಿಯ ಗೋಡೆ. ನಕ್ಷೆಯಲ್ಲಿ ಎರಡೂ ತುದಿ ಪಕ್ಕಪಕ್ಕ ಕಂಡರೂ ಒಂದರಿಂದ ಇನ್ನೊಂದಕ್ಕೆ ಕಾರಿನಲ್ಲಿ ಎರಡೂವರೆ ಗಂಟೆಯ ಮೇಲೆ ಬೇಕು. ಹಾಗಾಗಿ ಒಂದೇ ದಿನ ಎರಡನ್ನೂ ಮಾಡುವ ಯೋಚನೆ ಬೇಡವೇ ಬೇಡ. ಉಳಿದುಕೊಳ್ಳಲು ನನ್ನ ಆಯ್ಕೆ ಪೂರ್ವದ ಕಪಾ ಅಥವಾ ವಿಮಾನ ನಿಲ್ದಾಣ ಇರುವ ಲಿಹುವೆ. ಅಲ್ಲಿಂದ ಎರಡೂ ತುದಿಗೆ ಹೆಚ್ಚು ಕಡಿಮೆ ಒಂದೂವರೆ ಗಂಟೆ.

ಹಂತ 2: ತಿಂಗಳು ಗೊತ್ತುಮಾಡಿ

ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಮಳೆ ಕಡಿಮೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ಜಾಸ್ತಿ, ಉತ್ತರ ತೀರದಲ್ಲಿ ಅಲೆಗಳೂ ಭಯಂಕರ. ನಮ್ಮ ಶಾಲೆಗಳ ಬೇಸಿಗೆ ರಜೆಯಲ್ಲಿ ಹೋಗುವವರು ಏಪ್ರಿಲ್ ಬಿಟ್ಟು ಮೇ ತಿಂಗಳು ಆರಿಸಿಕೊಳ್ಳಿ. ದಸರಾ ರಜೆಯೂ ಹವಾಮಾನದ ದೃಷ್ಟಿಯಿಂದ ಒಳ್ಳೆಯದು. ಮೈಸೂರಿನವರಿಗೆ ದಸರಾ ಬಿಟ್ಟು ಹೋಗಲು ಮನಸ್ಸು ಬರಬೇಕು, ಅಷ್ಟೇ.

ಬೆಂಗಳೂರಿನಿಂದ ನೇರ ವಿಮಾನ ಇಲ್ಲ. ಸಾನ್ ಫ್ರಾನ್ಸಿಸ್ಕೋ ಕಡೆಯಿಂದ ಲಿಹುವೆಗೆ ಐದೂವರೆ ಗಂಟೆಯ ಆಸುಪಾಸು. ಮಕ್ಕಳ ಮನೆಯಲ್ಲಿ ಒಂದು ವಾರ ಇದ್ದು, ನಿದ್ದೆ ಸರಿಹೋದ ಮೇಲೆ ಹೊರಡುವುದು ವಯಸ್ಸಾದವರಿಗೆ ಒಳ್ಳೆಯ ದಾರಿ. ಭಾರತಕ್ಕಿಂತ ಹವಾಯಿ ಹದಿನೈದೂವರೆ ಗಂಟೆ ಹಿಂದೆ. ಇಳಿದ ಮರುದಿನವೇ ಕಣಿವೆಗೆ ಹೋದರೆ ದೇಹ ಮಾತು ಕೇಳುವುದಿಲ್ಲ.

ಹಂತ 3: ಊರಲ್ಲೇ ಎರಡು ತಿಂಗಳು ತಯಾರಿ

ಇದೇ ಎಲ್ಲಕ್ಕಿಂತ ಮುಖ್ಯವಾದ ಹಂತ. ಮೈಸೂರು, ಮಂಡ್ಯದವರಿಗೆ ಇದಕ್ಕೆ ಬೇಕಾದ್ದೆಲ್ಲ ಹತ್ತಿರದಲ್ಲೇ ಇದೆ.

ಮೊದಲ ಎರಡು ವಾರ ಸುಮ್ನೆ ನಡೆಯಿರಿ. ಕುಕ್ಕರಹಳ್ಳಿ ಕೆರೆಯ ಸುತ್ತಲಿನ ದಾರಿ ಸಾಕು. ಆದರೆ ಚಪ್ಪಲಿಯಲ್ಲಿ ಅಲ್ಲ, ಹವಾಯಿಗೆ ಒಯ್ಯುವ ಶೂನಲ್ಲೇ ನಡೆಯಿರಿ. ಬೆನ್ನಿಗೆ ಚೀಲ, ಚೀಲದಲ್ಲಿ ಎರಡು ಲೀಟರ್ ನೀರು. ಹೊಸ ಶೂ ಕಾಲಿಗೆ ಹೊಂದಿಕೊಳ್ಳಲು ಸಮಯ ಬೇಕು. ಎಲ್ಲಿ ಉಜ್ಜುತ್ತದೆ, ಎಲ್ಲಿ ಬೊಬ್ಬೆ ಏಳುತ್ತದೆ ಅನ್ನುವುದು ಇಲ್ಲೇ ಗೊತ್ತಾಗಲಿ.

ಮೂರನೇ ವಾರದಿಂದ ಚಾಮುಂಡಿ ಬೆಟ್ಟ. ಮೊದಲ ಕೆಲವು ಸಲ ಎಲ್ಲರಂತೆ ಪಾದದಿಂದ ಹತ್ತಿ, ನಂದಿಯ ಹತ್ತಿರ ಉಸಿರು ತಗೊಂಡು, ಮೇಲೆ ಹೋಗಿ ಇಳಿಯಿರಿ. ಅಭ್ಯಾಸ ಆದ ಮೇಲೆ ಕ್ರಮ ತಿರುಗಿಸಿ. ಸಿಟಿ ಬಸ್ ಹತ್ತಿ ಬೆಟ್ಟದ ಮೇಲೆ ಹೋಗಿ. ತಾಯಿಗೆ ಕೈ ಮುಗಿದು ಮೆಟ್ಟಿಲು ಇಳಿಯಿರಿ. ಪಾದ ಮುಟ್ಟಿದ ಕೂಡಲೇ ಹತ್ತು ನಿಮಿಷ ಕೂತು, ತಿರುಗಿ ಹತ್ತಿ. ಮೊದಲ ಸಲ ತೊಡೆ ನಡುಗುತ್ತದೆ. ಕಣಿವೆಯಲ್ಲಿ ಆಗುವುದು ಅದೇ. ವೈಮೆಯಾದ ಕುಕುಯಿ ದಾರಿಯಲ್ಲಿ ಇಳಿಯುವ ಆಳ 600 ಮೀಟರ್. ಚಾಮುಂಡಿ ಬೆಟ್ಟವನ್ನು ಎರಡು ಸಲ ಹತ್ತುವುದಕ್ಕಿಂತ ಜಾಸ್ತಿ. ಆದ್ದರಿಂದ ಕೊನೆಯ ವಾರಗಳಲ್ಲಿ ಇಳಿದು ಹತ್ತುವುದನ್ನು ಒಂದೇ ಬೆಳಿಗ್ಗೆ ಎರಡು ಸಲ ಮಾಡಲು ಆದರೆ ಆ ದಾರಿಗೆ ನೀವು ತಯಾರು. ಆಗದಿದ್ದರೆ ಚಿಂತೆ ಇಲ್ಲ, ಅದಕ್ಕಿಂತ ಸುಲಭದ ದಾರಿಗಳು ಬೇಕಾದಷ್ಟಿವೆ. ಬೆಳಕು ಹರಿಯುವ ಮೊದಲು ಮೆಟ್ಟಿಲಿಗೆ ಹೋಗಬೇಡಿ, ಬೆಟ್ಟದಲ್ಲಿ ಚಿರತೆ ಓಡಾಡುತ್ತವೆ. ಆಷಾಢ ಶುಕ್ರವಾರಗಳನ್ನೂ ಬಿಡಿ, ಆ ಜನಜಂಗುಳಿಯಲ್ಲಿ ಅಭ್ಯಾಸ ಆಗುವುದಿಲ್ಲ.

ಮೆಟ್ಟಿಲು ಸಮ ಇರುತ್ತದೆ, ಕಾಡುದಾರಿ ಹಾಗಿರುವುದಿಲ್ಲ. ಅದಕ್ಕೆ ಪಾಂಡವಪುರದ ಕುಂತಿಬೆಟ್ಟ ಒಳ್ಳೆಯದು. ಬಂಡೆ, ಸಡಿಲ ಕಲ್ಲು, ಕೈ ಊರಿ ಹತ್ತುವ ಜಾಗ, ಎಲ್ಲ ಸಿಗುತ್ತದೆ. ಹಗಲಲ್ಲಿ, ಜೊತೆಗಾರರೊಂದಿಗೆ ಹೋಗಿ. ಇಳಿಯುವಾಗ ಹೆಜ್ಜೆ ಚಿಕ್ಕದಾಗಿರಲಿ, ಮಂಡಿ ಸ್ವಲ್ಪ ಬಾಗಿರಲಿ. ಪೂರ್ತಿ ಪಾದ ಊರಿ, ದೇಹದ ಭಾರ ಹಿಂದಕ್ಕೆ ವಾಲದಂತೆ ನೋಡಿಕೊಳ್ಳಿ. ಹಿಂದಕ್ಕೆ ವಾಲಿದಾಗಲೇ ಕಾಲು ಜಾರುವುದು. ಊರುಗೋಲು ಒಯ್ಯುವವರು ಇಳಿಯುವಾಗ ಉದ್ದ ಮಾಡಿ, ಹತ್ತುವಾಗ ಗಿಡ್ಡ ಮಾಡಿ ಬಳಸುವುದನ್ನು ಇಲ್ಲೇ ಕಲಿಯಿರಿ.

ಇನ್ನೊಂದು ಅಭ್ಯಾಸ ನಮ್ಮ ಮಂಡ್ಯದವರಿಗೆ ಮನೆ ಪಕ್ಕದಲ್ಲೇ ಇದೆ. ಮಳೆ ಬಿದ್ದ ಮೇಲೆ ಗದ್ದೆ ಬದುವಿನ ಮೇಲೆ ಅರ್ಧ ಗಂಟೆ ನಡೆಯಿರಿ. ಕಿರಿದಾದ, ಒದ್ದೆಯಾದ, ಎರಡೂ ಕಡೆ ಇಳಿಜಾರಾದ ದಾರಿಯಲ್ಲಿ ಕಣ್ಣು ಎಲ್ಲಿಡಬೇಕು, ಕಾಲು ಹೇಗಿಡಬೇಕು ಅನ್ನುವುದು ಮೈಗೆ ಬರುತ್ತದೆ. ನಾ ಪಾಲಿಯ ಕೆಸರು ದಾರಿಗೆ ಬೇಕಾದ ವಿದ್ಯೆ ಇದೇ.

ಅಪ್ಪ ಅಮ್ಮನಿಗೆ, ಅಂದರೆ ಅರವತ್ತು ದಾಟಿದವರಿಗೆ, ಶ್ರೀರಂಗಪಟ್ಟಣದ ಕರಿಘಟ್ಟ ಅಥವಾ ಮೇಲುಕೋಟೆಯ ಯೋಗನರಸಿಂಹನ ಬೆಟ್ಟ ಸಾಕು. ಅದನ್ನು ನಿಲ್ಲದೆ ಹತ್ತಲು ಆದರೆ ಕವಾಯಿಯ ಸುಲಭದ ದಾರಿಗಳಲ್ಲಿ ತೊಂದರೆ ಆಗುವುದಿಲ್ಲ. ಬಿಪಿ, ಸಕ್ಕರೆ ಕಾಯಿಲೆ, ಮಂಡಿ ನೋವು ಇರುವವರು ಹೊರಡುವ ಮೊದಲು ಡಾಕ್ಟರ್ ಹತ್ತಿರ ಮಾತಾಡಿ.

ಹಂತ 4: ಅನುಮತಿ ಮತ್ತು ಟಿಕೆಟ್

ವೈಮೆಯಾ ಕಣಿವೆ ಮತ್ತು ಕೋಕೇ ಉದ್ಯಾನಗಳಿಗೆ ಮೊದಲೇ ಕಾಯ್ದಿರಿಸಬೇಕಿಲ್ಲ. ಹೊರಗಿನವರಿಗೆ ತಲಾ 5 ಡಾಲರ್, ಗಾಡಿ ನಿಲ್ಲಿಸಲು 10 ಡಾಲರ್. ಒಂದು ಸಲ ಕೊಟ್ಟರೆ ಅದೇ ದಿನ ಎರಡೂ ಉದ್ಯಾನಗಳಿಗೆ ನಡೆಯುತ್ತದೆ.

ನಾ ಪಾಲಿ ಹಾಗಲ್ಲ. ಅದರ ಅಂಚಿನಲ್ಲಿ ಸಾಗುವ ಕಲಲಾವ್ ದಾರಿ ಶುರುವಾಗುವುದು ಹಾಏನಾ ಉದ್ಯಾನದಲ್ಲಿ. 2018ರ ಏಪ್ರಿಲ್ 14, 15ರಂದು ಅದರ ಪಕ್ಕದ ವೈಪಾದಲ್ಲಿ 24 ಗಂಟೆಯಲ್ಲಿ 1,262 ಮಿ.ಮೀ. ಮಳೆ ಬಿತ್ತು. ಮೈಸೂರಿಗೆ ಇಡೀ ವರ್ಷದಲ್ಲಿ ಬೀಳುವ ಮಳೆಗಿಂತ ಜಾಸ್ತಿ, ಒಂದೇ ದಿನದಲ್ಲಿ. ಅಮೆರಿಕದಲ್ಲೇ ಅದು ದಾಖಲೆ. ರಸ್ತೆ ಕೊಚ್ಚಿ ಹೋಗಿ ಉದ್ಯಾನ ಒಂದು ವರ್ಷಕ್ಕೂ ಹೆಚ್ಚು ಮುಚ್ಚಿತ್ತು. 2019ರಲ್ಲಿ ತೆರೆದಾಗ ದಿನಕ್ಕೆ 900 ಪ್ರವಾಸಿಗಳಿಗೆ ಮಾತ್ರ ಪ್ರವೇಶ ಎಂದು ಮಿತಿ ಹಾಕಿದರು. ಮೊದಲು ಅದರ ಎರಡು ಪಟ್ಟಿಗಿಂತ ಜಾಸ್ತಿ ಜನ ಬರುತ್ತಿದ್ದರು. ಆ ಮಿತಿ ಒಳ್ಳೆಯದೇ ಆಯಿತು. ದಾರಿಯೂ ಉಳಿಯಿತು, ಅಲ್ಲಿನ ಊರಿನವರಿಗೂ ನೆಮ್ಮದಿ ಸಿಕ್ಕಿತು.

ಹಾಏನಾಗೆ ಕಾಯ್ದಿರಿಸುವುದು 30 ದಿನ ಮೊದಲು ಆನ್‌ಲೈನಿನಲ್ಲಿ ತೆರೆಯುತ್ತದೆ, ಹವಾಯಿಯ ಮಧ್ಯರಾತ್ರಿಗೆ. ಅಂದರೆ ನಮ್ಮ ಮಧ್ಯಾಹ್ನ ಮೂರೂವರೆಗೆ. ಗಾಡಿ ನಿಲ್ಲಿಸುವ ಜಾಗ ಬೇಗ ಮುಗಿಯುತ್ತದೆ. ಅದು ಸಿಗದಿದ್ದರೆ ಶಟಲ್ ಬಸ್ ತಗೊಳ್ಳಿ. ಅದರ ಟಿಕೆಟಿನಲ್ಲೇ ಪ್ರವೇಶವೂ ಸೇರಿರುತ್ತದೆ. ವಾಪಸು ಬರುವ ಕೊನೆಯ ಶಟಲ್ ಎಷ್ಟು ಗಂಟೆಗೆ ಅಂತ ಫೋನಿನಲ್ಲಿ ಬರೆದಿಟ್ಟುಕೊಳ್ಳಿ.

ಈ ಪ್ರವೇಶ ಟಿಕೆಟಿನಲ್ಲಿ ಹನಕಾಪಿಯಾಯ್ ಕಣಿವೆಯವರೆಗೆ ಮಾತ್ರ ಹೋಗಬಹುದು. ಅದನ್ನು ದಾಟಿ ಮುಂದೆ ಒಂದು ಹೆಜ್ಜೆ ಇಡಲೂ ಡೇರೆ ಹಾಕಿ ತಂಗುವ (ಕ್ಯಾಂಪಿಂಗ್) ಪರವಾನಗಿ ಬೇಕು. ಅದು 90 ದಿನ ಮೊದಲು ತೆರೆಯುತ್ತದೆ. ಹೊರಗಿನವರಿಗೆ ಒಬ್ಬರಿಗೆ ಒಂದು ರಾತ್ರಿಗೆ 35 ಡಾಲರ್. ಪೂರ್ತಿ ಕಲಲಾವ್ ದಾರಿ ಒಂದು ಕಡೆಗೆ 17.7 ಕಿ.ಮೀ. ಏಳನೇ ಮೈಲಿಯ ಹತ್ತಿರ ಒಂದು ಕಡೆ ಬಂಡೆ, ಇನ್ನೊಂದು ಕಡೆ ಕೆಳಗೆ ಸಮುದ್ರ ಇರುವ ಕಿರಿದಾದ ಅಂಚಿನ ಮೇಲೆ ನಡೆಯಬೇಕು. ಹೆಗಲ ಮೇಲೆ ಡೇರೆ ಹೊತ್ತು ಹಲವು ದಿನದ ಚಾರಣ ಮಾಡಿದ ಅನುಭವ ಇಲ್ಲದವರಿಗೆ ಅದನ್ನು ನಾನು ಹೇಳುವುದಿಲ್ಲ. ಮೊದಲ ಸಲಕ್ಕೆ ಹನಕಾಪಿಯಾಯ್ ಸಾಕು.

ಬಾಡಿಗೆ ಕಾರು, ಪ್ರಯಾಣ ವಿಮೆ ಎರಡನ್ನೂ ಮೊದಲೇ ಮಾಡಿಸಿ. ಅಮೆರಿಕದಲ್ಲಿ ಕಾಲು ಉಳುಕಿದರೂ ಆಸ್ಪತ್ರೆ ಖರ್ಚು ಭಾರಿ. ವಿಮೆಯಲ್ಲಿ ಚಾರಣ ಸೇರಿದೆಯೇ ನೋಡಿ.

ಹಂತ 5: ಚೀಲ ಕಟ್ಟುವುದು

ಹಿಡಿತ ಚೆನ್ನಾಗಿರುವ ಶೂ, ಎರಡು ಜೊತೆ ಉಣ್ಣೆ ಅಥವಾ ಸಿಂಥೆಟಿಕ್ ಕಾಲುಚೀಲ, ತೆಳು ಮಳೆ ಜಾಕೆಟ್, ಅಗಲ ಅಂಚಿನ ಟೋಪಿ. ಹತ್ತಿ ಬಟ್ಟೆ ಬೇಡ, ಒದ್ದೆಯಾದರೆ ಒಣಗುವುದಿಲ್ಲ. ಕೋಕೇ ಸಾವಿರ ಮೀಟರಿಗಿಂತ ಎತ್ತರದಲ್ಲಿದೆ, ಬೆಳಿಗ್ಗೆ ಚಳಿ ಇರುತ್ತದೆ. ಸ್ವೆಟರ್ ಒಂದಿರಲಿ. ಕಣಿವೆಯ ಕೆಂಪು ಮಣ್ಣು ಬಟ್ಟೆಗೆ ಹಿಡಿದರೆ ಹೋಗುವುದಿಲ್ಲ, ಬಿಳಿ ಬಟ್ಟೆ ಒಯ್ಯಬೇಡಿ. ಕಾಡುಹಂದಿ, ಮೇಕೆ ಬೇಟೆಗೆ ಅಲ್ಲಿ ಅನುಮತಿ ಇರುವ ಪ್ರದೇಶಗಳಿವೆ, ಆದ್ದರಿಂದ ದೂರದಿಂದಲೇ ಕಣ್ಣಿಗೆ ಹೊಡೆಯುವ ಬಣ್ಣದ ಅಂಗಿ ಒಳ್ಳೆಯದು.

ಸನ್‌ಸ್ಕ್ರೀನ್ ವಿಷಯದಲ್ಲಿ ಎಚ್ಚರ. ಹವಳದ ದಿಬ್ಬಗಳಿಗೆ ಹಾನಿ ಅಂತ ಆಕ್ಸಿಬೆಂಝೋನ್, ಆಕ್ಟಿನಾಕ್ಸೇಟ್ ಇರುವ ಸನ್‌ಸ್ಕ್ರೀನ್ ಮಾರಾಟವನ್ನು ಹವಾಯಿ 2021ರಿಂದ ನಿಷೇಧಿಸಿದೆ. ಇಲ್ಲಿಂದ ಒಯ್ಯುವವರು ಝಿಂಕ್ ಆಕ್ಸೈಡ್ ಇರುವುದನ್ನು ಒಯ್ಯಿರಿ.

ಊಟಕ್ಕೆ ಚಪಾತಿ, ಚಟ್ನಿಪುಡಿ, ಒಗ್ಗರಣೆ ಹಾಕಿದ ಒಣ ಅವಲಕ್ಕಿ, ಕಡಲೆಕಾಯಿ ಚಿಕ್ಕಿ. ದಾರಿಯಲ್ಲಿ ತಿನ್ನಲು ಇದಕ್ಕಿಂತ ಒಳ್ಳೆಯದು ಇಲ್ಲ. ಮೊಸರನ್ನ ಬೇಡ, ಬಿಸಿಲಿಗೆ ಹುಳಿ ಬರುತ್ತದೆ. ಹಸಿ ಕರಿಬೇವು, ಹಸಿ ಹಣ್ಣು, ಬಿತ್ತನೆ ಬೀಜ ಅಮೆರಿಕಕ್ಕೆ ಒಯ್ಯುವಂತಿಲ್ಲ. ಒಯ್ಯುವ ತಿಂಡಿಯನ್ನೆಲ್ಲ ಇಳಿದಾಗ ಘೋಷಿಸಿ. ಹೇಳಿದರೆ ತೊಂದರೆ ಇಲ್ಲ, ಮುಚ್ಚಿಟ್ಟರೆ ದಂಡ.

ನೀರು ತಲಾ ಕನಿಷ್ಠ ಎರಡು ಲೀಟರ್, ಕುಕುಯಿ ದಾರಿಗಾದರೆ ಮೂರಕ್ಕಿಂತ ಜಾಸ್ತಿ. ಓಆರ್‌ಎಸ್ ಪೊಟ್ಟಣ ಕೆಲವು. ತಲೆಗೆ ಕಟ್ಟುವ ಟಾರ್ಚ್, ಸೀಟಿ, ಬ್ಯಾಂಡೇಜ್. ಹಾವಿನ ಭಯ ಇರುವವರಿಗೆ ಒಂದು ಸಮಾಧಾನ: ಆ ಕಾಡುಗಳಲ್ಲಿ ವಿಷದ ಹಾವು ಇಲ್ಲ, ಚಿರತೆ, ಆನೆಯಂತೂ ಇಲ್ಲವೇ ಇಲ್ಲ. ಎಲ್ಲಿ ನೋಡಿದರೂ ಕೋಳಿಗಳಿವೆ. 1992ರ ಇನಿಕಿ ಚಂಡಮಾರುತದಲ್ಲಿ ಗೂಡು ಒಡೆದು ಹೊರಬಂದ ಕೋಳಿಗಳು ಹೆಚ್ಚಿದವು ಅಂತ ಅಲ್ಲಿಯ ಜನ ಹೇಳುತ್ತಾರೆ.

ಹಂತ 6: ಮೊದಲು ದಕ್ಷಿಣದ ಕಡಲ ದಾರಿ

ಶುರು ಮಹಾವುಲೇಪುವಿನಿಂದ ಆಗಲಿ. ಪೊಯಿಪುವಿನ ಕೆಯೊನೆಲೋವಾ ಕೊಲ್ಲಿಯಿಂದ ಹೊರಟು ಸಮುದ್ರದ ಅಂಚಿನಲ್ಲೇ ಹೋಗುವ ದಾರಿ, ಒಂದು ಕಡೆಗೆ 3 ಕಿ.ಮೀ. ಚಿಲ್ಲರೆ. ದೊಡ್ಡ ಏರು ಇಲ್ಲ. ಅಪ್ಪ ಅಮ್ಮ, ಮಕ್ಕಳು ಎಲ್ಲ ನಡೆಯಬಹುದು. ಇಲ್ಲಿಯ ಬಂಡೆ ಲಾವಾ ಅಲ್ಲ, ಸಾವಿರಾರು ವರ್ಷದಲ್ಲಿ ಗಟ್ಟಿಯಾದ ಮರಳ ದಿಬ್ಬ. ಅಲೆ ಕೆಳಗಿನಿಂದ ಕೊರೆದಿರುವುದರಿಂದ ಮೇಲೆ ಗಟ್ಟಿ ಕಂಡರೂ ಕೆಳಗೆ ಟೊಳ್ಳಿರಬಹುದು. ಅಂಚಿನಿಂದ ನಾಲ್ಕು ಹೆಜ್ಜೆ ಒಳಗೇ ನಡೆಯಿರಿ, ಸೆಲ್ಫಿಗಾಗಿ ತುದಿಗೆ ಹೋಗಬೇಡಿ. ಅಲ್ಲಿನ ಹುಡುಗರು ಬಂಡೆಯಿಂದ ನೀರಿಗೆ ಹಾರುವುದನ್ನು ನೋಡಿ ನಮ್ಮ ಹುಡುಗರು ಹಾರುವುದೂ ಬೇಡ.

ಬೀಚಿನಲ್ಲಿ ಹವಾಯಿಯ ಮಾಂಕ್ ಸೀಲ್ ಮಲಗಿರುವುದು ಕಾಣಬಹುದು. ಅಳಿವಿನ ಅಂಚಿನಲ್ಲಿರುವ ಪ್ರಾಣಿ ಅದು. ಕನಿಷ್ಠ 15 ಮೀಟರ್ ದೂರ ಇರಿ, ಮರಿ ಜೊತೆಗಿದ್ದರೆ ಇನ್ನೂ ಬಹಳ ದೂರ. ಕಡಲಾಮೆಯಿಂದ 3 ಮೀಟರ್.

ಮಂಡ್ಯದವರು ಇಲ್ಲಿ ಪಕ್ಕದ ಕೊಲೊವಾ ಊರಿಗೂ ಹೋಗಿ ಬನ್ನಿ. ಹವಾಯಿಯಲ್ಲಿ ಲಾಭದಿಂದ ನಡೆದ ಮೊದಲ ಕಬ್ಬಿನ ತೋಟ 1835ರಲ್ಲಿ ಶುರುವಾದದ್ದು ಅಲ್ಲೇ. ಈಗ ಇಡೀ ದ್ವೀಪದಲ್ಲಿ ಸಕ್ಕರೆ ಕಾರ್ಖಾನೆ ಒಂದೂ ಓಡುತ್ತಿಲ್ಲ. ಹಳೆಯ ಗಿರಣಿಯ ಪಾಳು ಗೋಡೆಗಳು ನಿಂತಿವೆ. ಆಲೆಮನೆ ಕಂಡು ಬೆಳೆದವರಿಗೆ ಅಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು ಅನ್ನಿಸುತ್ತದೆ.

ಹಂತ 7: ವೈಮೆಯಾ ಕಣಿವೆ

ಬೆಳಿಗ್ಗೆ ಬೇಗ ಹೊರಡಿ. ಮಧ್ಯಾಹ್ನದ ಹೊತ್ತಿಗೆ ಮೇಲಿನ ವೀಕ್ಷಣಾ ಸ್ಥಳಗಳನ್ನು ಮೋಡ ಮುಚ್ಚುವುದು ಸಾಮಾನ್ಯ. ನೇರವಾಗಿ ರಸ್ತೆಯ ಮೇಲ್ತುದಿಯ ಕಲಲಾವ್ ವೀಕ್ಷಣಾ ಸ್ಥಳಕ್ಕೆ ಹೋಗಿ. ಸುಮಾರು 1,200 ಮೀಟರ್ ಎತ್ತರದಿಂದ ಕೆಳಗೆ ಹಸಿರು ಕಣಿವೆ, ಅದರಾಚೆ ಸಮುದ್ರ. ಆಮೇಲೆ ಇಳಿಯುತ್ತಾ ಕಣಿವೆಯ ಕಡೆ ಬನ್ನಿ.

ಮೊದಲ ಸಲ ಹೋಗುವವರಿಗೆ ಕ್ಯಾನ್ಯನ್ ಟ್ರೇಲ್ (ಕಣಿವೆ ದಾರಿ) ಸರಿಯಾದ ಆಯ್ಕೆ. ಹಲೆಮನು ರಸ್ತೆಯಿಂದ ಶುರುವಾಗಿ ವೈಪೋ ಜಲಪಾತದ ನೆತ್ತಿಯವರೆಗೆ, ಹೋಗಿ ಬರಲು ಆರು ಕಿ.ಮೀ.ಯ ಆಸುಪಾಸು. ದಾರಿಯಲ್ಲಿ ಒಂದು ಕಡೆ ಬೋಳು ಕೆಂಪು ದಿಣ್ಣೆ ಬರುತ್ತದೆ, ಎರಡೂ ಕಡೆ ಕಣಿವೆ. ಅಲ್ಲಿ ನಿಂತಾಗ ಇಡೀ ಪ್ರವಾಸದ ದಣಿವು ಮರೆತುಹೋಗುತ್ತದೆ. ಒಣ ಮಣ್ಣಿನ ಮೇಲೆ ಸಣ್ಣ ಕಲ್ಲು ಹರಡಿರುತ್ತವೆ, ಜಾರುತ್ತದೆ. ವೈಪೋ ಜಲಪಾತ ಸುಮಾರು 240 ಮೀಟರ್ ಎತ್ತರದ್ದು. ನೀವು ತಲುಪುವುದು ಅದರ ತಲೆಯ ಹತ್ತಿರ. ಆದ್ದರಿಂದ ಪೂರ್ತಿ ಜಲಪಾತ ಅಲ್ಲಿಂದ ಕಾಣುವುದಿಲ್ಲ, ಕಾಣಲಿ ಅಂತ ಮುಂದಕ್ಕೆ ಬಗ್ಗುವುದೂ ಬೇಡ. ಪೂರ್ತಿ ನೋಡಲು ರಸ್ತೆ ಪಕ್ಕದ ವೀಕ್ಷಣಾ ಸ್ಥಳಗಳೇ ಸರಿ.

ಕುಕುಯಿ ದಾರಿ ಗಟ್ಟಿ ಕಾಲಿನವರಿಗೆ. ಎಂಟು ಮತ್ತು ಒಂಬತ್ತನೇ ಮೈಲಿಗಲ್ಲುಗಳ ನಡುವೆ ಶುರುವಾಗಿ 4 ಕಿ.ಮೀ.ಯಲ್ಲಿ ಕಣಿವೆಯ ತಳದ ವೈಮೆಯಾ ನದಿಗೆ ಇಳಿಯುತ್ತದೆ. ನೆರಳು ಕಡಿಮೆ. ಇಲ್ಲಿ ಮೂರನೇ ಒಂದರ ಲೆಕ್ಕ ಹಾಕಿ. ಇಳಿಯಲು ಒಂದೂವರೆ ಗಂಟೆ ಹಿಡಿದರೆ ಹತ್ತಲು ಮೂರು ಗಂಟೆ ಇಟ್ಟುಕೊಳ್ಳಿ. ನೀರನ್ನೂ ಹಾಗೇ. ಮೂರು ಲೀಟರಿನಲ್ಲಿ ಒಂದು ಇಳಿಯಲು, ಎರಡು ಹತ್ತಲು. ತಳ ಮುಟ್ಟುವ ಮೊದಲೇ ಒಂದು ಲೀಟರ್ ಮುಗಿಯಿತೋ, ಅಲ್ಲಿಂದಲೇ ತಿರುಗಿ. ತಿರುಗುವ ಗಂಟೆಯನ್ನು ಹೊರಡುವ ಮೊದಲೇ ಗುಂಪಿನ ಎಲ್ಲರಿಗೂ ಹೇಳಿ. "ಇನ್ನೇನು ಹತ್ತಿರ ಬಂತು" ಅನ್ನುವ ಮಾತು ಆ ಗಂಟೆಯ ಮುಂದೆ ನಡೆಯಬಾರದು. ಅಷ್ಟು ದೂರ ಬೇಡದವರು ಅಲ್ಲೇ ಶುರುವಿನಲ್ಲಿರುವ ಇಲಿಯಾವು ಸುತ್ತನ್ನು ಹಾಕಿ. ಹದಿನೈದು ಇಪ್ಪತ್ತು ನಿಮಿಷದ ದಾರಿ. ಇಲಿಯಾವು ಕವಾಯಿ ಬಿಟ್ಟು ಬೇರೆಲ್ಲೂ ಬೆಳೆಯದ ಗಿಡ. ವರ್ಷಗಟ್ಟಲೆ ಬೆಳೆದು, ಒಂದೇ ಸಲ ಹೂ ಬಿಟ್ಟು ಸಾಯುತ್ತದೆ.

ಎರಡರ ನಡುವಿನ ಕಷ್ಟದ್ದು ಬೇಕಾದವರಿಗೆ ಕೋಕೇಯ ಅವಾವಾಪುಹಿ ದಾರಿ. ಕಾಡಿನ ನೆರಳಲ್ಲಿ 5 ಕಿ.ಮೀ. ಇಳಿದರೆ ಸಮುದ್ರದಿಂದ 750 ಮೀಟರ್ ಮೇಲಿನ ಒಂದು ಬೆಟ್ಟದಂಚಿಗೆ ಬರುತ್ತೀರಿ. ನಾ ಪಾಲಿಯ ಗೋಡೆಗಳು ಅಲ್ಲಿಂದ ಪಕ್ಕದಲ್ಲೇ ಕಾಣುತ್ತವೆ. ಇದೂ ಇಳಿದು ಹತ್ತುವ ದಾರಿಯೇ.

ಕಣಿವೆಯ ಮರುದಿನ ಕಾಲಿಗೆ ರಜೆ ಕೊಡಿ. ವೈಲುವಾದಲ್ಲಿ ಒಂದು ಹಿಂದೂ ಮಠ ಇದೆ. ಅಲ್ಲಿನ ಇರೈವನ್ ದೇವಸ್ಥಾನದ ಬಿಳಿ ಕಲ್ಲನ್ನು ಬೆಂಗಳೂರಿನ ಹತ್ತಿರ ಶಿಲ್ಪಿಗಳು ವರ್ಷಗಟ್ಟಲೆ ಕೈಯಲ್ಲೇ ಕೆತ್ತಿ ಹಡಗಿನಲ್ಲಿ ಕಳಿಸಿದರು. 2023ರಲ್ಲಿ ಪ್ರತಿಷ್ಠಾಪನೆ ಆಯಿತು. ಭೇಟಿಗೆ ಮೊದಲೇ ಹೆಸರು ಬರೆಸಬೇಕು.

ಹಂತ 8: ನಾ ಪಾಲಿಯ ಹನಕಾಪಿಯಾಯ್

ಗಾಡಿ ನಿಲ್ಲಿಸುವ ಜಾಗದಿಂದ ಕೇಏ ಕಡೆ ಹೋಗುವಾಗ ಹಲಗೆಯ ದಾರಿಯ ಪಕ್ಕ ಕೆಸುವಿನ ಗದ್ದೆಗಳು ಕಾಣುತ್ತವೆ. ನೀರು ನಿಲ್ಲಿಸಿ, ಬದು ಕಟ್ಟಿ, ನಮ್ಮ ಭತ್ತದಂತೆಯೇ ಬೆಳೆಯುತ್ತಾರೆ. ಅಲ್ಲಿನ ಮೂಲ ಜನರ ಹಿಂದಿನ ಕಾಲದ ಮುಖ್ಯ ಆಹಾರವೇ ಕೆಸುವಿನ ಗೆಡ್ಡೆ. ಬೀಚಿನ ಮೇಲ್ಗಡೆ ಹುಲಾ ನೃತ್ಯಕ್ಕೆ ಸಂಬಂಧಿಸಿದ ಪುರಾತನ ಪವಿತ್ರ ಜಾಗ ಇದೆ. ಕಲ್ಲು ಹತ್ತುವುದು, ಕಲ್ಲಿನ ಮೇಲೆ ಕಲ್ಲು ಪೇರಿಸುವುದು ಬೇಡ.

ಹನಕಾಪಿಯಾಯ್ ಬೀಚಿಗೆ 3.2 ಕಿ.ಮೀ. ಶುರುವಿನಲ್ಲೇ ಕಲ್ಲಿನ ಏರು. ಅರ್ಧ ಗಂಟೆ ಹತ್ತಿದರೆ ನಾ ಪಾಲಿಯ ಸಾಲು ಕಣ್ಣಿಗೆ ಬೀಳುತ್ತದೆ. ಮಂಡಿ ನೋವಿರುವವರು ಅಷ್ಟಕ್ಕೇ ತಿರುಗಿದರೂ ಬಂದದ್ದು ಸಾರ್ಥಕ. ಮುಂದಿನ ದಾರಿ ಏರಿಳಿತ, ಮಳೆ ಬಂದಿದ್ದರೆ ಕೆಸರು. ಬೀಚಿಗೆ ಒಂದೂವರೆ ಗಂಟೆ ಹಿಡಿಯಿರಿ, ಬರಲೂ ಅಷ್ಟೇ.

ಬೀಚಿಗೆ ಮೊದಲು ಒಂದು ಹಳ್ಳ ದಾಟಬೇಕು. ಕವಾಯಿಯ ನಿಜವಾದ ಅಪಾಯ ಎತ್ತರವಲ್ಲ, ನೀರು. ನೀವು ನಿಂತ ಕಡೆ ಬಿಸಿಲಿದ್ದರೂ ಮೇಲೆ ಬೆಟ್ಟದಲ್ಲಿ ಮಳೆ ಸುರಿದರೆ ಹಳ್ಳ ನಿಮಿಷಗಳಲ್ಲಿ ತುಂಬುತ್ತದೆ. ನೀರು ಮಂಡಿಗಿಂತ ಮೇಲಿದ್ದರೆ, ಕಂದು ಬಣ್ಣಕ್ಕೆ ತಿರುಗಿದ್ದರೆ, ಸದ್ದು ಜೋರಾಗಿದ್ದರೆ ದಾಟಬೇಡಿ. ಈ ಕಡೆ ಇದ್ದರೆ ವಾಪಸು ಬನ್ನಿ. ಆ ಕಡೆ ಸಿಕ್ಕಿಕೊಂಡಿದ್ದರೆ ಎತ್ತರದ ಜಾಗದಲ್ಲಿ ಕೂತು ಕಾಯಿರಿ. ಬೇಗ ಏರಿದ ನೀರು ಬೇಗ ಇಳಿಯುತ್ತದೆ. 2014ರಲ್ಲಿ ಇದೇ ಹಳ್ಳದ ಆಚೆ ನೂರಕ್ಕೂ ಹೆಚ್ಚು ಜನ ಸಿಕ್ಕಿಕೊಂಡು ರಕ್ಷಣಾ ತಂಡ ಕರೆತರಬೇಕಾಯಿತು. ಕಾದವರು ಬದುಕುತ್ತಾರೆ, ಆತುರಪಟ್ಟವರನ್ನು ನೀರು ಒಯ್ಯುತ್ತದೆ.

ಬೀಚಿನಲ್ಲಿ ನೀರಿಗೆ ಇಳಿಯಬೇಡಿ. ಇದನ್ನು ಬೇಡಿಕೊಂಡು ಹೇಳುತ್ತಿದ್ದೇನೆ. ಅಲ್ಲಿ ಅಲೆಯನ್ನು ತಡೆಯುವ ಹವಳದ ದಿಬ್ಬ ಇಲ್ಲ, ಒಳಸೆಳೆತ ನೇರ ಸಮುದ್ರಕ್ಕೆ ಎಳೆಯುತ್ತದೆ, ಜೀವರಕ್ಷಕರೂ ಇಲ್ಲ. ಬಹಳ ಜನ ಅಲ್ಲಿ ಜೀವ ಕಳೆದುಕೊಂಡಿದ್ದಾರೆ. ಬಲಮುರಿಯಲ್ಲಿ ನೀರು ಶಾಂತವಾಗಿ ಕಂಡರೂ ಏನಾಗಬಹುದು ಅಂತ ನಮ್ಮ ಕಡೆಯವರಿಗೆ ಹೇಳಿಕೊಡಬೇಕಿಲ್ಲ.

ಇನ್ನೂ ಶಕ್ತಿ, ಸಮಯ ಎರಡೂ ಇದ್ದರೆ ಕಣಿವೆಯ ಒಳಗೆ ಮತ್ತೆ 3.2 ಕಿ.ಮೀ. ಹೋದರೆ ಸುಮಾರು 90 ಮೀಟರ್ ಎತ್ತರದ ಹನಕಾಪಿಯಾಯ್ ಜಲಪಾತ. ಹಳ್ಳವನ್ನು ಹಲವು ಸಲ ದಾಟಬೇಕು. ದಾರಿಯಲ್ಲಿ ಹಳೆಯ ಕಾಫಿ ಗಿರಣಿಯ ಅವಶೇಷ, ಬಿದಿರ ಮೆಳೆ, ಮಾವು, ಸೀಬೆ. ಕೊಳೆತು ಬಿದ್ದ ಸೀಬೆಹಣ್ಣಿನ ಮೇಲೆ ಕಾಲಿಟ್ಟರೆ ಜಾರುತ್ತದೆ, ನೋಡಿ ನಡೆಯಿರಿ. ಜಲಪಾತದ ನೇರ ಕೆಳಗೆ ನಿಲ್ಲಬೇಡಿ, ಮೇಲಿನಿಂದ ಕಲ್ಲು ಉರುಳುತ್ತವೆ. ಪೂರ್ತಿ ಹೋಗಿ ಬರಲು 13 ಕಿ.ಮೀ., ಏಳೆಂಟು ಗಂಟೆ. ಬೆಳಿಗ್ಗೆ ಎಂಟರೊಳಗೆ ಹೊರಟಿಲ್ಲದಿದ್ದರೆ ಬೀಚಿನಿಂದಲೇ ತಿರುಗಿ.

ಹಳ್ಳದ ನೀರನ್ನು ಕುದಿಸದೆ, ಶುದ್ಧ ಮಾಡದೆ ಕುಡಿಯಬೇಡಿ. ಗಾಯ ಇರುವ ಕಾಲು ಅದರಲ್ಲಿ ಇಡುವ ಮೊದಲು ಚೆನ್ನಾಗಿ ಮುಚ್ಚಿ. ನಮ್ಮಲ್ಲಿ ಇಲಿಜ್ವರ ಅನ್ನುವ ಲೆಪ್ಟೊಸ್ಪೈರೋಸಿಸ್ ಅಲ್ಲಿಯೂ ಇದೆ. ವಾಪಸು ಬಂದ ಮೇಲೆ ಒಂದೆರಡು ವಾರದಲ್ಲಿ ಜೋರು ಜ್ವರ, ಮೈಕೈ ನೋವು ಬಂದರೆ ಹಳ್ಳದ ನೀರಿಗೆ ಇಳಿದಿದ್ದನ್ನು ಡಾಕ್ಟರಿಗೆ ಹೇಳಿ.

ಕೇಏ ದಾಟಿದ ಮೇಲೆ ಫೋನಿಗೆ ಸಿಗ್ನಲ್ ಸಿಗುವುದಿಲ್ಲ. ಎಲ್ಲಿಗೆ ಹೋಗುತ್ತೀರಿ, ಎಷ್ಟೊತ್ತಿಗೆ ಬರುತ್ತೀರಿ ಅಂತ ಉಳಿದ ಜಾಗದಲ್ಲಿ ಯಾರಿಗಾದರೂ ಹೇಳಿ ಹೋಗಿ. ತುರ್ತು ಸಂಖ್ಯೆ 911. ಕಾರಿನೊಳಗೆ ಪಾಸ್‌ಪೋರ್ಟ್, ಹಣ ಬಿಡಬೇಡಿ.

ಹಂತ 9: ಶೂ ತೊಳೆಯಿರಿ

ಹವಾಯಿಯ ಕಾಡಿನ ಮುಖ್ಯ ಮರ ಓಹಿಯಾ. ಒಂದು ಶಿಲೀಂಧ್ರ ರೋಗ ಅದನ್ನು ವೇಗವಾಗಿ ಕೊಲ್ಲುತ್ತಿದೆ, 2018ರಲ್ಲಿ ಕವಾಯಿಯಲ್ಲೂ ಕಾಣಿಸಿತು. ರೋಗ ಮಣ್ಣಿನ ಜೊತೆ ಶೂಗೆ ಅಂಟಿ ಹರಡುತ್ತದೆ. ಅದಕ್ಕೇ ದಾರಿಗಳ ಬಾಯಲ್ಲಿ ಬ್ರಷ್ ಮತ್ತು ದ್ರಾವಣ ಇಟ್ಟಿರುತ್ತಾರೆ. ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ಉಜ್ಜಿ. ಮೈಸೂರಿನಿಂದ ಹೊರಡುವ ಮೊದಲು ಬೆಟ್ಟದ ಮಣ್ಣು, ಗದ್ದೆಯ ಕೆಸರು ಪೂರ್ತಿ ತೊಳೆದಿರಬೇಕು. ವಿಮಾನ ನಿಲ್ದಾಣದಲ್ಲೂ ಮಣ್ಣು ಹತ್ತಿದ ಶೂ ಕಂಡರೆ ತಡೆಯುತ್ತಾರೆ. ವಾಪಸು ಬರುವಾಗಲೂ ಹಾಗೇ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಅಟ್ಟೆಯ ಸಂದಿಗಳನ್ನೆಲ್ಲ ಉಜ್ಜಿ, ಬಿಸಿಲಲ್ಲಿ ಒಣಗಿಸಿ, ಆಮೇಲೆ ಪೆಟ್ಟಿಗೆಗೆ ಹಾಕಿ.